ಎರಡು ತಿಂಗಳು ಬೀಗ ಬಿದ್ದ ಮುಂಬಯಿ ಮನೆಗೆ ಮರಳಿದಾಗ

ಏಪ್ರಿಲ್ ಕೊನೆಯಲ್ಲಿ ಮಕ್ಕಳಿರುವಲ್ಲಿಗೆಂದು ಅಮೆರಿಕಕ್ಕೋ ಜರ್ಮನಿಗೋ ಹೊರಟವರು ಜುಲೈ ಮಳೆಯ ನಡುವೆ ಮರಳುವುದು ಡೊಂಬಿವಲಿ, ಮುಲುಂಡ್, ಬೊರಿವಲಿಯ ಕನ್ನಡಿಗರ ಮನೆಗಳಲ್ಲಿ ಈಗ ವಾಡಿಕೆಯೇ ಆಗಿದೆ. ಹೋಗುವಾಗ ಸುಡುವ ಬಿಸಿಲು, ಬರುವಾಗ ಗೋಡೆಯೇ ಬೆವರುವಷ್ಟು ತೇವ. ನಡುವೆ ಮನೆಗೆ ಬೀಗ. ಹೀಗೆ ಮುಚ್ಚಿಟ್ಟ ಮನೆಯ ತಾಪತ್ರಯಗಳನ್ನು ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ನೀರಿನವೇ. ಇರಬೇಕಾದ ಕಡೆ ನೀರು ಆರಿರುತ್ತದೆ, ಇರಬಾರದ ಕಡೆ ನಿಂತಿರುತ್ತದೆ, ಬರಲೇಬಾರದ ಕಪಾಟಿನೊಳಗೆ ತೇವವಾಗಿ ಹೊಕ್ಕಿರುತ್ತದೆ. ಈ ಮೂರನ್ನು ಹುಡುಕುತ್ತ ಹೋದರೆ ಮನೆ ಎರಡು ದಿನದಲ್ಲಿ ಹಿಡಿತಕ್ಕೆ ಬರುತ್ತದೆ. ದೇಹ ಹಿಡಿತಕ್ಕೆ ಬರಲು ಮಾತ್ರ ವಾರಕ್ಕೂ ಹೆಚ್ಚು ಬೇಕು. ಆದ್ದರಿಂದ ಮೊದಲ ಎರಡು ದಿನಕ್ಕೆ ಕೈಕೆಲಸಗಳನ್ನು ಇಟ್ಟುಕೊಳ್ಳಿ. ದುಡ್ಡು, ಕಾಗದ, ಜಗಳ, ದುರಸ್ತಿಯ ತೀರ್ಮಾನಗಳೆಲ್ಲ ನಂತರ.

ವಿಮಾನ ಹತ್ತುವ ಮುನ್ನ ಮೂರು ಫೋನು

ದೂರದ ದೇಶಗಳಿಂದ ಬರುವ ಅನೇಕ ವಿಮಾನಗಳು ಸಹಾರ್ ವಿಮಾನ ನಿಲ್ದಾಣದಲ್ಲಿ ಇಳಿಯುವುದು ನಡುರಾತ್ರಿ ಅಥವಾ ಬೆಳಗಿನ ಜಾವ. ಟ್ಯಾಕ್ಸಿ ಹಿಡಿದು ಮನೆ ಸೇರುವಾಗ ಸೊಸೈಟಿಯ ನೀರಿನ ಹೊತ್ತು ಆಗಿರುವುದಿಲ್ಲ, ಕಿರಾಣಿ ಅಂಗಡಿ ತೆರೆದಿರುವುದಿಲ್ಲ. ಅದಕ್ಕೆ ಮೂರು ದಿನ ಮುಂಚೆ ಮೂವರಿಗೆ ತಿಳಿಸಿಡಿ.

ಪಕ್ಕದ ಮನೆಯವರ ಬಳಿ ಕೀಲಿ ಇದ್ದರೆ, ಹಿಂದಿನ ದಿನ ಎರಡು ಗಂಟೆ ಕಿಟಕಿ ತೆರೆದಿಡಲು, 20 ಲೀಟರಿನ ಒಂದು ನೀರಿನ ಕ್ಯಾನ್ ತರಿಸಿಡಲು ಹೇಳಿ. ಜತೆಗೆ ಒಂದು ಚಮಚ ಮೊಸರು ಎತ್ತಿಡಲೂ ಹೇಳಿ, ಅದು ಯಾಕೆಂದು ಮುಂದೆ ಬರುತ್ತದೆ. ಹಾಲಿನವನಿಗೆ ಬಂದ ಮಾರನೆಯ ದಿನದಿಂದ ಹಾಕಲು ಹೇಳಿ. ಮೂರನೆಯದು ಮನೆಗೆಲಸಕ್ಕೆ ಬರುವ ಬಾಯಿಗೆ. ನೀವಿಲ್ಲದ ಎರಡು ತಿಂಗಳಲ್ಲಿ ಅವಳು ಬೇರೆ ಮನೆ ಹಿಡಿದಿದ್ದರೆ ಅದು ಅವಳ ತಪ್ಪಲ್ಲ. ಹೋಗುವ ಮೊದಲೇ ಅರ್ಧ ಸಂಬಳವೋ ಪೂರ್ತಿಯೋ ಎಂದು ಮಾತಾಡಿಕೊಂಡವರ ಮನೆಗೆ ಬಾಯಿ ಮರಳಿ ಬರುತ್ತಾಳೆ, ಮಾತಾಡದೇ ಹೋದವರು ಬಂದು ಹುಡುಕಾಡುತ್ತಾರೆ. ಮಾತಾಡಿದ್ದರೂ ಮೊದಲ ದಿನವೇ ಕರೆಯಬೇಡಿ. ಬೂಷ್ಟು, ಪಾರಿವಾಳದ ಹಿಕ್ಕೆ, ತೆರೆದ ಸೂಟ್‌ಕೇಸ್‌ಗಳ ನಡುವೆ ಯಾರಿಗೂ ಕೆಲಸ ಮಾಡಲು ಆಗುವುದಿಲ್ಲ. ಮೂರನೆಯ ದಿನ ಸಾಕು.

ಬಾಗಿಲು ತೆಗೆದ ಮೊದಲ ಗಂಟೆ

ಒಳಗೆ ಕಾಲಿಟ್ಟ ಕೂಡಲೇ ಕೈ ಸ್ವಿಚ್ಚಿನ ಕಡೆ ಹೋಗುತ್ತದೆ. ತಡೆಯಿರಿ, ಮೊದಲು ಮೂಗಿನ ಕೆಲಸ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಮೊಬೈಲಿನ ಟಾರ್ಚ್ ಕೂಡ ಹೊರಗೇ ಹಚ್ಚಿಕೊಂಡು ಬನ್ನಿ. ಕಿಟಕಿಗಳನ್ನೆಲ್ಲ ತೆರೆದು, ವಾಲ್ವ್ ಅಥವಾ ರೆಗ್ಯುಲೇಟರ್ ಮುಚ್ಚಿ, ಹೊರಗೆ ಹೋಗಿ ಅಲ್ಲಿಂದ ಗ್ಯಾಸಿನವರಿಗೆ ಫೋನ್ ಮಾಡಿ. ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಅದು ಮೇಲೇರಿ ಚಾವಣಿಯ ಹತ್ತಿರ ಸೇರುತ್ತದೆ, ಕಿಟಕಿಯ ಮೇಲ್ಭಾಗ ತೆರೆದರೆ ಹೋಗಿಬಿಡುತ್ತದೆ. ಸಿಲಿಂಡರಿನ ಗ್ಯಾಸ್ ಭಾರ, ನೆಲಕ್ಕಂಟಿ ಕೂರುತ್ತದೆ, ಅದಕ್ಕೆ ಗ್ಯಾಲರಿಯ, ಅಂದರೆ ಬಾಲ್ಕನಿಯ, ಬಾಗಿಲೇ ತೆರೆಯಬೇಕು.

ವಾಸನೆ ಇಲ್ಲವೆಂದಾದರೆ ಕರೆಂಟು. ಮೇನ್ ಆರಿಸಿ ಹೋಗಿದ್ದವರು ಹೀಗೆ ಮಾಡಿ: ಫ್ಯೂಸಿನ ಜಾಗದಲ್ಲಿರುವ ಸಣ್ಣ ಸ್ವಿಚ್ಚುಗಳನ್ನು, ಅಂದರೆ ಎಂಸಿಬಿಗಳನ್ನೆಲ್ಲ ಕೆಳಗಿಳಿಸಿ, ಮೇನ್ ಹಾಕಿ, ಆಮೇಲೆ ಒಂದೊಂದನ್ನೇ ಮೇಲೆತ್ತಿ. ಲೈಟು ಮತ್ತು ಫ್ಯಾನು ಮೊದಲು, ಫ್ರಿಜ್ ನಂತರ, ಎಸಿ ಕೊನೆಗೆ. ಗೀಸರಿನದನ್ನು ಎತ್ತಲೇಬೇಡಿ. ಯಾವುದೋ ಒಂದನ್ನು ಎತ್ತಿದಾಗ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಟಪ್ಪೆಂದು ಬಿದ್ದರೆ ಆ ಸಾಲಿನಲ್ಲಿ ಎಲ್ಲೋ ತೇವ ಹೊಕ್ಕಿದೆ ಎಂದರ್ಥ. ಮಳೆಗಾಲದಲ್ಲಿ ಹೆಚ್ಚಾಗಿ ಅದು ಗ್ಯಾಲರಿಯ ಲೈಟು ಅಥವಾ ಹೊರಗೋಡೆಯ ಪ್ಲಗ್. ಅದನ್ನು ಕೆಳಗೇ ಬಿಟ್ಟು ಉಳಿದ ಮನೆಯನ್ನು ನಡೆಸಿ, ಎಲೆಕ್ಟ್ರಿಷಿಯನ್ ಬರುವ ತನಕ ಮತ್ತೆ ಮತ್ತೆ ಎತ್ತಿ ಪರೀಕ್ಷಿಸುವುದು ಬೇಡ. ಆರ್‌ಸಿಸಿಬಿಯ ಮೇಲಿರುವ ಪರೀಕ್ಷಾ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ. ಒತ್ತಿದರೂ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ, ಬದಲಿಸಬೇಕು.

ಮೂರನೆಯದು ಮೋರಿ. ಬಚ್ಚಲಿನಿಂದ ಕೊಳಕು ವಾಸನೆ ಬರುತ್ತಿದ್ದರೆ, ಜಿರಳೆ ಓಡಾಡಿದ್ದರೆ, ಪೈಪು ಒಡೆದಿದೆ ಎಂದು ಪ್ಲಂಬರನ್ನು ಕರೆಯುವ ಮೊದಲು ಅರ್ಧ ಬಕೆಟ್ ನೀರು ಸುರಿಯಿರಿ. ನೆಲದ ಜಾಲರಿಯ ಕೆಳಗಿರುವ ನಹಾಣಿ ಟ್ರ್ಯಾಪಿನಲ್ಲಿ ಸದಾ ಎರಡು ಇಂಚಿನಷ್ಟು ನೀರು ನಿಂತಿರಬೇಕು. ಕೆಳಗಿನ ಗಟಾರದ ಗಾಳಿಗೂ ಹುಳಗಳಿಗೂ ಅದೇ ಬಾಗಿಲು. ಮೇ ತಿಂಗಳ ಸೆಖೆಗೆ ಆ ನೀರು ಆರಿ ಬಾಗಿಲು ತೆರೆದುಕೊಂಡಿರುತ್ತದೆ. ಬಚ್ಚಲು, ಗ್ಯಾಲರಿ, ವಾಷಿಂಗ್ ಮೆಷಿನಿನ ಕಂಡಿ, ಅಡುಗೆಮನೆಯ ಸಿಂಕು, ಹೆಚ್ಚು ಬಳಸದ ಎರಡನೆಯ ಸಂಡಾಸು, ಎಲ್ಲಕ್ಕೂ ನೀರು ಹೋಗಲಿ. ಹತ್ತು ನಿಮಿಷದಲ್ಲಿ ವಾಸನೆ ನಿಲ್ಲುತ್ತದೆ. ನಿಲ್ಲದಿದ್ದರೆ ಆಗ ಪ್ಲಂಬರ್. ಮುಂದಿನ ಸಲ ಹೊರಡುವ ದಿನ ಪ್ರತಿ ಟ್ರ್ಯಾಪಿಗೆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಎಣ್ಣೆಯ ಪದರ ನೀರನ್ನು ಆರಗೊಡುವುದಿಲ್ಲ.

ಇಷ್ಟಾದ ಮೇಲೆ ಬ್ಯಾಗುಗಳು. ಸೂಟ್‌ಕೇಸನ್ನು ಹಾಸಿಗೆಯ ಮೇಲಿಟ್ಟು ಬಿಚ್ಚುವ ಅಭ್ಯಾಸ ಎಲ್ಲರಿಗೂ ಇದೆ, ಅದನ್ನು ಬಿಡಬೇಕು. ಹೋಟೆಲುಗಳಲ್ಲಿ ತಂಗಿ ಬಂದಿದ್ದರೆ ತಿಗಣೆ ಹೊಲಿಗೆಯ ಸಂದಿಯಲ್ಲಿ ಕೂತು ಬಂದಿರಬಹುದು. ಬಚ್ಚಲಲ್ಲೋ ಗ್ಯಾಲರಿಯಲ್ಲೋ ಬಿಚ್ಚಿ, ಬಟ್ಟೆಯನ್ನು ನೇರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಹತ್ತಿಯವನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಬಿಸಿನೀರು ತಡೆಯದ ಬಟ್ಟೆಗೆ ಒಣಗಿದ ಮೇಲೆ ಹೊಲಿಗೆಯ ಗುಂಟ ಇಸ್ತ್ರಿ ಎಳೆಯಬೇಕು. ಖಾಲಿ ಸೂಟ್‌ಕೇಸಿನ ಒಳಮಡಿಕೆಗಳಲ್ಲಿ ಕರಿ ಚುಕ್ಕೆಗಳಿವೆಯೇ ಎಂದು ಟಾರ್ಚ್ ಹಾಕಿ ನೋಡಿ.

ಟ್ಯಾಂಕು, ಗೀಸರು, ಕುಡಿಯುವ ನೀರು

ಮುಂಬಯಿಯ ಹೆಚ್ಚಿನ ಫ್ಲ್ಯಾಟುಗಳಲ್ಲಿ ಬಚ್ಚಲಿನ ಮೇಲೆ ಲಾಫ್ಟ್‌ನಲ್ಲಿ 300 ಅಥವಾ 500 ಲೀಟರಿನ ಟ್ಯಾಂಕ್ ಇರುತ್ತದೆ. ನೀರು ಬರುವುದು ಹೊತ್ತು ನೋಡಿಕೊಂಡು, ಹಾಗಾಗಿ ತುಂಬಿಡುವುದು ಅನಿವಾರ್ಯ. ಎರಡು ತಿಂಗಳು ಅಲ್ಲೇ ನಿಂತ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ಆದರೆ ಅದರಲ್ಲಿದ್ದ ಕ್ಲೋರಿನ್ ಎಂದೋ ಹಾರಿಹೋಗಿ ಒಳಗೋಡೆಗೆ ಲೋಳೆ ಕಟ್ಟಿರುತ್ತದೆ. ಆ ನೀರಲ್ಲಿ ಹಲ್ಲುಜ್ಜುವುದೂ ಬೇಡ.

ಮೊದಲ ರಾತ್ರಿ ಕ್ಯಾನಿನ ನೀರಲ್ಲಿ ಕಳೆಯಿರಿ. ಮಾರನೆಯ ದಿನ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ತಳದ ಕೆಸರು ತೆಗೆದು, ಸೋಪು ಹಾಕದೆ ಬರೀ ಬ್ರಷ್‌ನಿಂದ ಗೋಡೆ ತಿಕ್ಕಿ ತೊಳೆಯಿರಿ. ನೀರು ಬಂದಾಗ ತುಂಬಿಸಿ. 300 ಲೀಟರಿಗೆ ಸುಮಾರು 50 ಗ್ರಾಂ, 500 ಲೀಟರಿಗೆ ಸುಮಾರು 80 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಿರಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಮನೆಯ ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವ ತನಕ ತೆರೆದು ಮುಚ್ಚಿ. ಇಲ್ಲದಿದ್ದರೆ ಟ್ಯಾಂಕು ಶುದ್ಧ, ಪೈಪು ಹಳೆಯದೇ. ನಾಲ್ಕು ಗಂಟೆ ಹಾಗೇ ಬಿಟ್ಟು, ಅಷ್ಟನ್ನೂ ಚೆಲ್ಲಿ, ಹೊಸ ನೀರು ತುಂಬಿಸಿ. ಈ ನೀರು ಗಿಡಕ್ಕೆ ಹಾಕುವಂಥದ್ದಲ್ಲ. ಹಳೆಯ ಬ್ಲೀಚಿಂಗ್ ಪುಡಿಗೆ ಸತ್ವ ಇರುವುದಿಲ್ಲ, ಹೊಸ ಪೊಟ್ಟಣವನ್ನೇ ತನ್ನಿ. ಅದೇ ದಿನ ಬಚ್ಚಲು ತೊಳೆಯುವ ಆಸಿಡ್‌ನ ಬಾಟಲಿ ಹತ್ತಿರ ತರಲೇಬೇಡಿ. ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ, ಸಣ್ಣ ಬಚ್ಚಲಿನಲ್ಲಿ ಉಸಿರು ಕಟ್ಟಲು ಎರಡು ನಿಮಿಷ ಸಾಕು.

ಗೀಸರಿನ ಎಂಸಿಬಿ ಎತ್ತಬೇಡಿ ಎಂದದ್ದು ಇದಕ್ಕೇ. ಟ್ಯಾಂಕ್ ಖಾಲಿಯಾದಾಗ, ಪ್ಲಂಬರ್ ಏನಾದರೂ ಬಿಚ್ಚಿದಾಗ ಗೀಸರಿನೊಳಗೆ ನೀರು ಇಳಿದಿರುತ್ತದೆ. ಬರಿದಾದ ಗೀಸರಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಡುತ್ತದೆ. ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆಯಿರಿ. ಮೊದಲು ಗಾಳಿ ಉಗುಳುತ್ತದೆ, ಆಮೇಲೆ ತುಕ್ಕಿನ ಬಣ್ಣದ ನೀರು, ಕೊನೆಗೆ ಒಂದೇ ಸಮನೆ ತಿಳಿ ಧಾರೆ. ಧಾರೆ ಬಂದ ಮೇಲೆ ಐದು ನಿಮಿಷ ಬಿಟ್ಟು ಸ್ವಿಚ್ ಹಾಕಿ. ಮೊದಲ ಸಲ 60 ಡಿಗ್ರಿಗೆ ಇಟ್ಟು ಪೂರ್ತಿ ಕಾಯಿಸಿ ಆ ನೀರನ್ನು ಚೆಲ್ಲಿಬಿಡಿ, ಬೆಚ್ಚಗೆ ನಿಂತ ನೀರಲ್ಲಿ ಬೆಳೆಯುವ ರೋಗಾಣುಗಳು ಶವರಿನ ಹನಿಯ ಜತೆ ಪುಪ್ಪಸಕ್ಕೆ ಹೋಗಬಲ್ಲವು. ಶವರಿನ ತಲೆಯನ್ನು ಬಿಚ್ಚಿ ತೊಳೆಯಿರಿ.

ನೀರು ಶುದ್ಧೀಕರಿಸುವ ಯಂತ್ರವಿದ್ದರೆ ಅದರ ತೊಟ್ಟಿಯ ನೀರನ್ನು ಚೆಲ್ಲಿ, ಎರಡು ಸಲ ತುಂಬಿಸಿ ಎರಡು ಸಲವೂ ಚೆಲ್ಲಿ, ಮೂರನೆಯದನ್ನು ಕುಡಿಯಿರಿ. ರುಚಿ ಬದಲಾಗಿದ್ದರೆ ಕ್ಯಾಂಡಲ್ ಬದಲಿಸುವ ತನಕ ನೀರು ಕಾಯಿಸಿಯೇ ಕುಡಿಯಬೇಕು. ಗುಳ್ಳೆ ಬಂದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು.

ಸೊಳ್ಳೆ ಹುಡುಕುವ ಜಾಗ

ಡೆಂಗಿ ಹರಡುವ ಸೊಳ್ಳೆಗೆ ಹೊಂಡ ಬೇಕಿಲ್ಲ, ಚಮಚದಷ್ಟು ನೀರು ಸಾಕು. ಫ್ರಿಜ್ಜಿನ ಹಿಂದೆ ಕೆಳಗಿರುವ ತಟ್ಟೆ, ಎಸಿಯ ತಟ್ಟೆ, ಕುಂಡದ ಕೆಳಗಿನ ತಾಟು, ಗ್ಯಾಲರಿಯ ಮೂಲೆಯ ಹಳೆಯ ಬಕೆಟ್, ಟರ್ಪಾಲಿನ ಮಡಿಕೆ, ಬಿದಿರಿನ ಗಿಡ ಇಟ್ಟ ಗಾಜಿನ ಲೋಟ, ಇವಿಷ್ಟನ್ನೂ ನೋಡಿ. ನೀರು ಚೆಲ್ಲಿದರಾಯಿತು ಎಂದುಕೊಳ್ಳುವಲ್ಲೇ ಎಲ್ಲರೂ ಎಡವುವುದು. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮೇಲಲ್ಲ, ನೀರಿನ ಅಂಚಿಗೆ ತಾಗಿದ ಗೋಡೆಗೆ ಅಂಟಿಸುತ್ತದೆ. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಬಿದ್ದರೆ ಒಡೆದು, ವಾರ-ಹತ್ತು ದಿನದಲ್ಲಿ ಹಾರುವ ಸೊಳ್ಳೆ. ಆದ್ದರಿಂದ ಒಣಗಿದ ತಟ್ಟೆಯನ್ನೂ ಸೋಪು ಹಾಕಿ ಒರಟು ಬ್ರಷ್‌ನಿಂದ ತಿಕ್ಕಲೇಬೇಕು.

ಗ್ಯಾಲರಿಗೆ ಜಾಲರಿ ಇಲ್ಲದ ಮನೆಯಲ್ಲಿ ಎರಡು ತಿಂಗಳೆಂದರೆ ಪಾರಿವಾಳದ ಒಂದು ಸಂಸಾರ ಎದ್ದು ನಿಂತಿರುತ್ತದೆ. ಒಣ ಹಿಕ್ಕೆಯನ್ನು ಗುಡಿಸುವುದು ಅಪಾಯ, ಆ ಧೂಳು ಉಸಿರಾಟದ ರೋಗ ತರುತ್ತದೆ, ಆಸ್ತಮಾ ಇದ್ದವರಿಗಂತೂ ಕೂಡದು. ಎನ್95 ಮಾಸ್ಕ್ ಕಟ್ಟಿ, ಸೋಪಿನ ನೀರು ಚಿಮುಕಿಸಿ ಪೂರ್ತಿ ನೆನೆಸಿ, ಕಾಲು ಗಂಟೆ ಬಿಟ್ಟು, ರಟ್ಟಿನಿಂದ ಕೆರೆದು ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ಗೂಡಿನಲ್ಲಿ ಮರಿ ಇದ್ದರೆ ಅದು ಹಾರುವ ತನಕ ಕಾಯುವುದೋ ಬಿಡುವುದೋ ಎಂಬುದು ಪ್ರತಿ ಮನೆಯ ವಾದ. ಹುಟ್ಟಿ ಸುಮಾರು ಒಂದು ತಿಂಗಳಿಗೆ ಹಾರುತ್ತದೆ ಎಂಬುದಷ್ಟು ತಿಳಿದಿರಲಿ.

ಅಡುಗೆಮನೆ: ಏನು ಉಳಿಸಬೇಕು, ಏನು ಎಸೆಯಬೇಕು

ಫ್ರಿಜ್ಜನ್ನು ಆರಿಸಿ ಬಾಗಿಲು ಮುಚ್ಚಿ ಹೋಗಿದ್ದರೆ ತೆರೆದ ಕೂಡಲೇ ಗೊತ್ತಾಗುತ್ತದೆ, ರಬ್ಬರಿನ ಮಡಿಕೆಯೆಲ್ಲ ಕರಿ ಬೂಷ್ಟು. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡ ಹಾಕಿ ಒಳಗೆಲ್ಲ ಒರೆಸಿ, ರಬ್ಬರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಬಾಗಿಲು ತೆರೆದೇ ಎರಡು ಗಂಟೆ ಒಣಗಿಸಿ ಆಮೇಲೆ ಹಚ್ಚಿ. ತಣ್ಣಗಾಗಲು ನಾಲ್ಕೈದು ಗಂಟೆಯಾದರೂ ಬೇಕು, ಅಷ್ಟರೊಳಗೆ ಹಾಲು ಇಟ್ಟರೆ ಒಡೆಯುತ್ತದೆ. ಫ್ರಿಜ್ಜನ್ನು ಹಚ್ಚಿಯೇ ಹೋಗಿದ್ದವರಿಗೆ ಬೇರೆ ಸಂಶಯ: ನಡುವೆ ಕರೆಂಟು ಹೋಗಿ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದ್ದರೆ? ಹೊರಡುವಾಗ ಲೋಟದ ಮಂಜುಗಡ್ಡೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗುವುದು ಇದಕ್ಕೇ. ನಾಣ್ಯ ಮೇಲೇ ಇದ್ದರೆ ಸರಿ, ತಳ ಸೇರಿದ್ದರೆ ಫ್ರೀಜರಿನಲ್ಲಿದ್ದ ಕಾಯಿತುರಿ, ಮೀನು, ಬಟಾಣಿ ಎಲ್ಲ ಕಸಕ್ಕೆ.

ಡಬ್ಬಗಳ ವಿಷಯದಲ್ಲಿ ಉಳಿತಾಯದ ಬುದ್ಧಿಗೂ ಆರೋಗ್ಯಕ್ಕೂ ಜಗಳ ಬರುತ್ತದೆ. ಹುಳು ಬೇರೆ, ಬೂಷ್ಟು ಬೇರೆ ಎಂದು ತಿಳಿದರೆ ಜಗಳ ಮುಗಿಯಿತು. ಅಕ್ಕಿ, ತೊಗರಿಬೇಳೆ, ಹೆಸರುಕಾಳಿನಲ್ಲಿ ಹುಳು ಬಿದ್ದಿದ್ದರೆ ಕೇರಿ, ನೆರಳಲ್ಲಿ ಹರಡಿ, ಬೇಕಿದ್ದರೆ ಚೀಲ ಕಟ್ಟಿ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ, ತೊಳೆದು ಬಳಸಬಹುದು. ಬಾಂಬೆ ರವೆ, ಮೈದಾ, ಕಡಲೆಹಿಟ್ಟಿನಲ್ಲಿ ಬಲೆ ಕಟ್ಟಿದ್ದರೆ ಜರಡಿ ಹಿಡಿಯುತ್ತ ಕೂರುವುದು ವ್ಯರ್ಥ, ಎಸೆಯಿರಿ. ಬೂಷ್ಟು ಬಂದದ್ದನ್ನು ಮಾತ್ರ ಎಳ್ಳಷ್ಟೂ ಉಳಿಸಬಾರದು. ನೆಲಗಡಲೆ, ಕೊಬ್ಬರಿ, ಬ್ಯಾಡಗಿ ಮೆಣಸು ಮುಗ್ಗಲು ವಾಸನೆ ಹೊಡೆದರೆ ಒಣಗಿಸಿ ಹುರಿದರೂ ಅದರ ವಿಷ ಹೋಗುವುದಿಲ್ಲ, ಅದು ಪಿತ್ತಜನಕಾಂಗಕ್ಕೆ ಕೂರುವ ವಿಷ. ಊರಿಂದ ತಂದ ಕೊಬ್ಬರಿ ಎಂದು ಮರುಗುವುದು ಸಹಜ, ಆದರೂ ಎಸೆಯಬೇಕು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತಿದ್ದರೆ ಹೆದರಿಕೆಯಿಲ್ಲ. ಎಣ್ಣೆ ಇಳಿದು ಮೇಲಿನ ಹೋಳಿಗೆ ಬಿಳಿ ಕೂದಲು ಬಂದಿದ್ದರೆ ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನುವ ಲೆಕ್ಕ ಬೇಡ.

ಮೊದಲ ಊಟಕ್ಕೆ ತರಕಾರಿ ತರುವ ಗೋಜೇಕೆ? ಕುಚ್ಚಲಕ್ಕಿ ಇದ್ದರೆ ಗಂಜಿ, ಮೇಲೊಂದು ತುಣುಕು ಉಪ್ಪಿನಕಾಯಿ, ಸುಟ್ಟ ಹಪ್ಪಳ. ಗಡಿಯಾರ ತಿರುಗಿ ಕೂತಿರುವ ಹೊಟ್ಟೆಗೆ ಇದಕ್ಕಿಂತ ಹಿತವಾದದ್ದಿಲ್ಲ. ಎರಡು ತಿಂಗಳ ಚೀಸು-ಬ್ರೆಡ್ಡಿನ ಮೇಲೆ ಬಂದ ದಿನವೇ ವಡಾಪಾವ್ ತಿನ್ನಬೇಕೆನಿಸುತ್ತದೆ. ನಾಲ್ಕು ದಿನ ತಡೆಯಿರಿ, ಮಳೆಗಾಲದ ಚಟ್ನಿ ಹೊಸ ಹೊಟ್ಟೆಯನ್ನು ಪರೀಕ್ಷೆ ಮಾಡುತ್ತದೆ. ಭೇದಿ ಶುರುವಾದರೆ ಓಆರ್‌ಎಸ್ ಪುಡಿ ಅದರ ಮೇಲೆ ಬರೆದಷ್ಟೇ ನೀರಿಗೆ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಕಾರ.

ಇನ್ನು ಮೊಸರು. ಮನೆಯ ಹೆಪ್ಪು ಹೋಗಿರುತ್ತದೆ, ಪಕ್ಕದವರ ಒಂದು ಚಮಚ ಈಗ ಬೇಕಾಗುತ್ತದೆ. ಅರ್ಧ ಲೀಟರ್ ಹಾಲು ಕಾಯಿಸಿ, ಕಿರುಬೆರಳು ಹತ್ತೆಣಿಸುವಷ್ಟು ಹೊತ್ತು ತಡೆಯುವಷ್ಟು ಬಿಸಿಗೆ ಇಳಿದಾಗ ಹೆಪ್ಪು ಕದಡಿದರೆ ಮುಂಬಯಿಯ ಸೆಖೆಗೆ ಐದಾರು ಗಂಟೆಯಲ್ಲಿ ಮೊಸರು. ಹೆಪ್ಪು ಎಲ್ಲೂ ಸಿಗದಿದ್ದರೆ ತೊಟ್ಟು ಸಮೇತ ಎರಡು ಹಸಿಮೆಣಸಿನಕಾಯಿಯನ್ನು ಉಗುರುಬೆಚ್ಚಗಿನ ಹಾಲಿಗೆ ಮುಳುಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸಿಗುವುದು ತೆಳ್ಳಗಿನ, ಅಷ್ಟೇನೂ ರುಚಿಯಿಲ್ಲದ ಮೊಸರು, ಅದನ್ನು ತಿನ್ನದೆ ಹೆಪ್ಪಿಗೆ ಬಳಸಿದರೆ ಎರಡನೆಯ ಸಲ ಸರಿಹೋಗುತ್ತದೆ. ಮಂಗಳೂರು ಸೌತೆ, ಬಾಳೆಎಲೆ, ಕೆಸುವಿನ ಎಲೆಗೆ ಮಾಟುಂಗಾ ಮಾರುಕಟ್ಟೆಗೆ ಹೋಗುವುದು ವಾರಾಂತ್ಯಕ್ಕಿರಲಿ.

ನಿದ್ದೆ: ಬಿಸಿಲು ಯಾವಾಗ, ಕತ್ತಲು ಯಾವಾಗ

ಬಂದ ಮಾರನೆಯ ಬೆಳಿಗ್ಗೆ ಬಿಸಿಲಲ್ಲಿ ವಾಕಿಂಗ್ ಹೋಗಿ, ಎಲ್ಲ ಸರಿಹೋಗುತ್ತದೆ ಎಂದು ಹಿತೈಷಿಗಳು ಹೇಳುತ್ತಾರೆ. ಅಮೆರಿಕದ ಪೂರ್ವ ಕರಾವಳಿಯಿಂದ ಬಂದವರಿಗೆ ಅದು ತಪ್ಪು ಸಲಹೆ. ದೇಹದ ಒಳಗಡಿಯಾರಕ್ಕೆ ಒಂದು ತಿರುವಿನ ಹೊತ್ತಿದೆ. ದಿನವೂ ಏಳುವ ಸಮಯಕ್ಕಿಂತ ಎರಡು-ಮೂರು ಗಂಟೆ ಮುಂಚೆ ಮೈಯ ಬಿಸಿ ಅತಿ ಕಡಿಮೆ ಇರುತ್ತದೆ. ಆ ಹೊತ್ತಿನ ನಂತರ ಬೆಳಕು ಕಂಡರೆ ಗಡಿಯಾರ ಮುಂದಕ್ಕೆ ಸರಿದು ನಿದ್ದೆ ಬೇಗ ಬರುತ್ತದೆ, ಅದಕ್ಕೆ ಮುಂಚೆ ಕಂಡರೆ ಹಿಂದಕ್ಕೆ. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಏಳಕ್ಕೆ ಏಳುತ್ತಿದ್ದವರ ತಿರುವಿನ ಹೊತ್ತು ಅಲ್ಲಿನ ನಾಲ್ಕೂವರೆ. ಬೇಸಿಗೆಯಲ್ಲಿ ನಮಗೂ ಅಲ್ಲಿಗೂ ಒಂಬತ್ತೂವರೆ ಗಂಟೆ ಅಂತರ, ಹಾಗಾಗಿ ಇಲ್ಲಿ ಅದು ಮಧ್ಯಾಹ್ನ ಎರಡು. ಬೆಳಿಗ್ಗೆ ಎಂಟರ ಬಿಸಿಲು, ಮುಂದಕ್ಕೆ ಸರಿಯಬೇಕಾದ ಅವರ ಗಡಿಯಾರವನ್ನು ಹಿಂದಕ್ಕೆ ನೂಕುತ್ತದೆ.

ಆದ್ದರಿಂದ ನ್ಯೂಯಾರ್ಕ್ ಕಡೆಯಿಂದ ಬಂದವರು ಮೊದಲ ದಿನ ಮಧ್ಯಾಹ್ನದ ತನಕ ಪರದೆ ಎಳೆದುಕೊಂಡು ಮನೆಗೆಲಸ ಮಾಡಿ, ಎರಡೂವರೆಯಿಂದ ಸಂಜೆಯ ತನಕ ಹೊರಗಿರಿ. ಮುಂದೆ ದಿನಕ್ಕೆ ಒಂದು ಗಂಟೆಯಂತೆ ಬೆಳಕಿಗೆ ಹೋಗುವ ಹೊತ್ತನ್ನು ಬೇಗ ಮಾಡುತ್ತ ಬನ್ನಿ. ವಾರ ಕಳೆಯುವಷ್ಟರಲ್ಲಿ ಅದು ಬೆಳಗಿನ ವಾಕಿಂಗಿಗೇ ಬಂದು ಸೇರುತ್ತದೆ. ಮೋಡ ಕವಿದಿದ್ದರೂ ಚಿಂತೆಯಿಲ್ಲ, ಮಳೆಗಾಲದ ಹಗಲಿನ ಹೊರಬೆಳಕು ಕೋಣೆಯ ಟ್ಯೂಬ್‌ಲೈಟಿಗಿಂತ ಹತ್ತಾರು ಪಟ್ಟು ಹೆಚ್ಚು. ಛತ್ರಿ ಹಿಡಿದು ಸೊಸೈಟಿಯ ಸುತ್ತ ನಡೆದರೂ ಸಾಕು. ಲಂಡನ್, ಜರ್ಮನಿಯಿಂದ ಬಂದವರಿಗೆ ಒಂಬತ್ತು ಗಂಟೆಯ ನಂತರದ ಬಿಸಿಲು ಸರಿ, ಅವರು ನಾಲ್ಕೈದು ದಿನದಲ್ಲಿ ಸುಧಾರಿಸುತ್ತಾರೆ. ಕ್ಯಾಲಿಫೋರ್ನಿಯದವರದು ಹನ್ನೆರಡೂವರೆ ಗಂಟೆ, ಹಗಲು ರಾತ್ರಿ ಪೂರ್ತಿ ಉಲ್ಟಾ. ಅಲ್ಲಿ ಬೆಳಕಿನ ಲೆಕ್ಕಾಚಾರ ಅಷ್ಟಾಗಿ ನಡೆಯುವುದಿಲ್ಲ, ಏಳುವ ಹೊತ್ತು ಮತ್ತು ಊಟದ ಹೊತ್ತು ಎರಡನ್ನು ಬಿಗಿಯಾಗಿ ಹಿಡಿಯುವುದೇ ಉಪಾಯ. ಸಿಡ್ನಿಯಿಂದ ಬಂದವರ ಕಷ್ಟ ಬೇರೆ ಥರದ್ದು: ಸಂಜೆ ಏಳಕ್ಕೇ ತೂಕಡಿಕೆ, ಬೆಳಗಿನ ಜಾವ ಮೂರಕ್ಕೆ ಎಚ್ಚರ. ಅವರಿಗೆ ಸಂಜೆಯ ಬೆಳಕು ಬೇಕು, ಕತ್ತಲಾಗುವ ತನಕ ಹೊರಗೇ ಇರಲಿ.

ಹಗಲು ತಡೆಯಲಾಗದಷ್ಟು ನಿದ್ದೆ ಬಂದರೆ ಅಲಾರಂ ಇಟ್ಟು ಅರ್ಧ ಗಂಟೆ, ಅದೂ ಮೂರು ಗಂಟೆಯೊಳಗೆ. ಸೋಫಾದಲ್ಲಿ ಕೂತೇ ಮಲಗಿ, ಹಾಸಿಗೆಗೆ ಹೋದರೆ ನಾಲ್ಕು ಗಂಟೆ ಏಳುವುದಿಲ್ಲ. ಫಿಲ್ಟರ್ ಕಾಫಿ ಮಧ್ಯಾಹ್ನ ಎರಡಕ್ಕೆ ಕೊನೆ, ಕುಡಿದ ಕಾಫಿಯ ಅರ್ಧ ಸತ್ವ ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ನಡುರಾತ್ರಿ ಎರಡಕ್ಕೆ ಎಚ್ಚರವಾಗಿ ಹಸಿವಾದರೆ ಬಾಳೆಹಣ್ಣು ತಿನ್ನಿ, ಅನ್ನ ಕಲಸಿಕೊಂಡು ಕೂರಬೇಡಿ. ಹೊಟ್ಟೆಗೂ ತನ್ನದೇ ಗಡಿಯಾರವಿದೆ, ನಡುರಾತ್ರಿ ಉಂಡರೆ ಅದು ಅಮೆರಿಕದಲ್ಲೇ ಉಳಿಯುತ್ತದೆ. ಬೇಗ ನಿದ್ದೆ ಬರಲೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು ಇಲ್ಲಿನ ಹೊತ್ತಿಗೆ ಹೇಗೆ ಹೊಂದಿಸಬೇಕೆಂದು ವೈದ್ಯರನ್ನು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಬೇಕು, ಅಂದಾಜಿನಲ್ಲಿ ಮಾಡುವ ಕೆಲಸ ಅದಲ್ಲ.

ಎರಡು ಲಕ್ಷಣಗಳಿಗೆ ಕಾಯುವಂತಿಲ್ಲ. ಎರಡೂ ಕಾಲು ಸಮನಾಗಿ ಊದಿದರೆ ಅದು ಕೂತು ಬಂದದ್ದರ ಫಲ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ಆ ಹೊತ್ತಿಗೇ ಆಸ್ಪತ್ರೆಗೆ. ಈ ಅಪಾಯ ವಿಮಾನ ಇಳಿದ ದಿನಕ್ಕೆ ಮುಗಿಯುವುದಿಲ್ಲ, ಕೆಲವು ವಾರ ಇರುತ್ತದೆ. ಇನ್ನೊಂದು ಜ್ವರ. ಯಾವ ದೇಶಕ್ಕೆ, ಯಾವಾಗ ಹೋಗಿದ್ದಿರಿ ಎಂದು ವೈದ್ಯರಿಗೆ ಅವರು ಕೇಳದಿದ್ದರೂ ಹೇಳಿ. ಮನೆಗೆ ಬರುವ ದಾರಿಯಲ್ಲಿ ನಿಂತ ನೆರೆನೀರಿನಲ್ಲಿ ನಡೆದಿದ್ದರೆ ಅದನ್ನೂ ಹೇಳಿ. ಇಲಿಜ್ವರ ತಡೆಯುವ ಮಾತ್ರೆ 72 ಗಂಟೆಯೊಳಗೆ, ವೈದ್ಯರ ಸಲಹೆಯಂತೆ, ತೆಗೆದುಕೊಂಡರೆ ಫಲ.

ಗಾಡಿ, ಬಿಲ್ಲು, ಡಾಲರು

ಕಾರಿನ ಬ್ಯಾಟರಿ ಎರಡು ತಿಂಗಳಲ್ಲಿ ಇಳಿದಿರುವುದೇ ಹೆಚ್ಚು. ಮೀಟರಿನಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಸತ್ತಂತೆ. ಬಾನೆಟ್ ಎತ್ತಿ ಇಲಿ ವೈರು ಕಡಿದಿದೆಯೇ, ಗೂಡು ಕಟ್ಟಿದೆಯೇ ಎಂದು ನೋಡದೆ ಕೀಲಿ ತಿರುಗಿಸಬೇಡಿ. ಬೇರೆ ಗಾಡಿಯಿಂದ ಕೇಬಲ್ ಹಾಕಿ ಶುರು ಮಾಡಿದರೆ ಐದು ನಿಮಿಷಕ್ಕೆ ಆರಿಸದೆ ಅರ್ಧ ಗಂಟೆಯಾದರೂ ಓಡಿಸಿ, ದಾರಿಯಲ್ಲಿ ಗಾಳಿ ಹಾಕಿಸಿ. ನಿದ್ದೆ ಸರಿಹೋಗದ ಮೊದಲ ಮೂರು ದಿನ ಈ ಓಡಿಸುವ ಕೆಲಸ ಬೇರೆಯವರದಾಗಲಿ. ವಿಮೆ ಮತ್ತು ಹೊಗೆ ತಪಾಸಣೆಯ ಪಿಯುಸಿ ಪತ್ರ ಈ ನಡುವೆ ಮುಗಿದಿವೆಯೇ ಎಂದು ರಸ್ತೆಗಿಳಿಯುವ ಮೊದಲು ನೋಡಿ.

ಪೈಪ್ ಗ್ಯಾಸಿನ ಮೀಟರ್ ಅಡುಗೆಮನೆಯೊಳಗೇ ಇರುವುದರಿಂದ ಬೀಗ ಬಿದ್ದ ಮನೆಗೆ ಅಂದಾಜಿನ ಬಿಲ್ ಬಂದಿರುತ್ತದೆ. ಮೀಟರಿನ ಫೋಟೋ ತೆಗೆದು ಕಳಿಸಿದರೆ ಮುಂದಿನ ಬಿಲ್ಲಿನಲ್ಲಿ ಸರಿಹೊಂದುತ್ತದೆ. ಸೊಸೈಟಿಯ ಬಾಕಿಗೆ ಬಡ್ಡಿ ಬೆಳೆಯುತ್ತದೆ, ಅದನ್ನು ಮೊದಲು ಕಟ್ಟಿ. ಬಾಗಿಲಡಿ ಬಿದ್ದ ಲಕೋಟೆಗಳಲ್ಲಿ ಚೆಕ್ ಇದ್ದರೆ ತಾರೀಖು ನೋಡಿ, ಮೂರು ತಿಂಗಳಾದರೆ ಅದು ಬರೀ ಕಾಗದ. ಪಿಂಚಣಿಯವರು ನವೆಂಬರ್ ದಾಟಿ ಮರಳಿದ್ದರೆ ಜೀವನ ಪ್ರಮಾಣಪತ್ರವೇ ಮೊದಲ ಕೆಲಸ.

ಕಾರ್ಡಿನ ವಿದೇಶಿ ವ್ಯವಹಾರದ ಸ್ವಿಚ್ಚನ್ನು ಬ್ಯಾಂಕಿನ ಆಪ್‌ನಲ್ಲಿ ಆರಿಸಿ, ಆದರೆ ಆರಿಸಿದೆನೆಂದು ನಿಶ್ಚಿಂತರಾಗಬೇಡಿ. ಬಾಡಿಗೆ ಕಾರಿನ ಟೋಲ್, ಪಾರ್ಕಿಂಗ್ ದಂಡ, ಹೋಟೆಲು ತಡೆಹಿಡಿದ ಮುಂಗಡ, ಇವುಗಳ ಲೆಕ್ಕ ವಾರಗಳ ನಂತರ ಬರುತ್ತದೆ. ಎರಡು ತಿಂಗಳ ಸ್ಟೇಟ್‌ಮೆಂಟನ್ನು ರಸೀದಿಗಳ ಜತೆ ಇಟ್ಟು ನೋಡಿ. ಉಳಿದ ಡಾಲರ್ ನೋಟುಗಳಲ್ಲಿ 2,000 ಡಾಲರಿನ ತನಕ ಎಷ್ಟು ದಿನವಾದರೂ ಮನೆಯಲ್ಲಿಡಬಹುದು. ಅದಕ್ಕಿಂತ ಹೆಚ್ಚಿನದನ್ನು ಮರಳಿದ 180 ದಿನದೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯದವರಿಗೋ ಕೊಡಬೇಕು. ಚಿಲ್ಲರೆ ನಾಣ್ಯಕ್ಕೆ ಮಿತಿಯಿಲ್ಲ, ಅದನ್ನು ಯಾರೂ ತೆಗೆದುಕೊಳ್ಳುವುದೂ ಇಲ್ಲ.

ತುಳಸಿ ಮತ್ತು ರೇಷ್ಮೆ

ಒಣಗಿದ ಕುಂಡಕ್ಕೆ ಮೇಲಿಂದ ನೀರು ಹಾಕಿದರೆ ಅಂಚಿನಲ್ಲಿ ಇಳಿದು ಕೆಳಗೆ ಹರಿಯುತ್ತದೆ, ಬೇರಿಗೆ ಹನಿಯೂ ಸಿಗುವುದಿಲ್ಲ. ಒಣಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುವುದೇ ಕಾರಣ. ಕುಂಡವನ್ನೇ ನೀರಿನ ಬಕೆಟಿನಲ್ಲಿ ಅರ್ಧ ಗಂಟೆ ಕೂರಿಸಿ, ಮೇಲ್ಮಣ್ಣು ಒದ್ದೆಯಾದ ಮೇಲೆ ತೆಗೆದು ನೆರಳಲ್ಲಿಡಿ. ತುಳಸಿಯ ಕಾಂಡವನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರಿದ್ದರೆ ಒಣ ರೆಂಬೆ ಕತ್ತರಿಸಿ ಕಾಯಿರಿ, ಎರಡು ವಾರದಲ್ಲಿ ಚಿಗುರುತ್ತದೆ.

ಕಪಾಟಿನ ಬೂಷ್ಟನ್ನು ಒಣ ಬಟ್ಟೆಯಿಂದ ಝಾಡಿಸಿದರೆ ಇಡೀ ಕೋಣೆಗೆ ಹರಡುತ್ತದೆ. ಬಿಳಿ ವಿನಿಗರ್ ಮತ್ತು ನೀರನ್ನು ಸಮಪಾಲು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಮರವನ್ನು ಒರೆಸಿ, ಫ್ಯಾನ್ ಹಾಕಿ ಬಾಗಿಲು ತೆರೆದಿಡಿ. ಚರ್ಮದ ಚಪ್ಪಲಿ, ಬೆಲ್ಟಿಗೂ ಇದೇ ಕ್ರಮ, ಆದರೆ ಒಣಗಿದ ಮೇಲೆ ಪಾಲಿಶ್ ಹಚ್ಚಬೇಕು. ರೇಷ್ಮೆಸೀರೆಗೆ ಮಾತ್ರ ವಿನಿಗರೂ ಬೇಡ, ನೀರೂ ಬೇಡ. ಬಿಚ್ಚಿ, ಮೃದುವಾದ ಒಣ ಬ್ರಷ್‌ನಿಂದ ಗ್ಯಾಲರಿಯಲ್ಲಿ ಝಾಡಿಸಿ, ಫ್ಯಾನಿನಡಿ ಒಂದು ದಿನ ಹರಡಿ, ಮೊದಲಿಗಿಂತ ಬೇರೆ ಮಡಿಕೆಯಲ್ಲಿ ಮಡಚಿ ಹತ್ತಿಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟದ್ದರಿಂದಲೇ ತೇವ ಒಳಗೆ ಸಿಕ್ಕಿಕೊಂಡದ್ದು. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ, ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿಡಿ. ಜುಲೈಯಲ್ಲಿ ಇದಕ್ಕಿಂತ ಹೆಚ್ಚು ಮಾಡಲಾಗದು. ಸೀರೆಗಳನ್ನು ನಿಜವಾಗಿ ಒಣಗಿಸಲು ಮುಂಬಯಿಯಲ್ಲಿ ಅಕ್ಟೋಬರ್ ಸೆಖೆಯೇ ಬರಬೇಕು. ದಸರೆಯ ಆಸುಪಾಸಿನ ಒಂದು ಭಾನುವಾರಕ್ಕೆ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ, ಅಲ್ಲಿಯ ತನಕ ಕಪಾಟಿನ ಬಾಗಿಲನ್ನು ದಿನಕ್ಕೆ ಒಂದು ಗಂಟೆ ತೆರೆದಿಡಿ.